ಕೇಳದೆ ಬಂದ ಉತ್ತರ

ಎರಡ್ಸಲ ಎಂದೇ ಎಲ್ಲರೂ ಕರೆಯುವ ಮನುಷ್ಯ ಆ ದಿನ, ಮನಸ್ಸಿನ ಕಾಯಿಲೆಗೆ ಮಾತಿನಲ್ಲೇ ಮದ್ದು ಕೊಡುವ ಡಾಕ್ಟರಮ್ಮನ ಕೋಣೆಗೆ ಹೋದದ್ದು ಜಗಳ ಆಡುವುದಕ್ಕೆ. ಕೋಣೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇತ್ತು, ಹತ್ತಲಿಲ್ಲ. ಹನ್ನೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲು ತಳ್ಳಿದ. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಹಚ್ಚಿಕೊಂಡ.

“ನಿಮ್ಮ ಮಾತು ಕೇಳಿ ಕೆಟ್ಟೆ ಮೇಡಂ. ಯಾರನ್ನೂ ಕೇಳ್ಬೇಡ ಅಂದ್ರಿ, ಕೇಳ್ಲಿಲ್ಲ. ತಿರುಗಿ ಹೋಗಿ ನೋಡ್ಬೇಡ ಅಂದ್ರಿ, ನೋಡ್ಲಿಲ್ಲ. ಈಗ ಒಬ್ಬ ಹೆಂಗಸಿನ ಕಾಲು ಎರಡು ಕಡೆ ಮುರಿದಿದೆ. ಸಮಾಧಾನ ಆಯ್ತಾ ನಿಮಗೆ?”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂತ್ಕೊಳ್ಳಿ. ನೀರು ಕುಡೀರಿ. ಆಮೇಲೆ ಮೊದಲಿಂದ ಹೇಳಿ.”

ಮೊದಲಿನಿಂದ ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕೋಪ ಬಂದವನು ಕಥೆಯನ್ನು ಬಾಲದಿಂದಲೇ ಹಿಡಿಯುತ್ತಾನೆ. ಹಾಗಾಗಿ ನಾವೇ ಹೇಳಿಬಿಡುವುದು ವಾಸಿ.

ಎರಡ್ಸಲ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟ್ ಕಂಪನಿಯ ಗೋಡೌನಿನಲ್ಲಿ ಜೊತೆಯವರು ಇಟ್ಟದ್ದು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಿದ್ದ, ಬಿಗಿ ಮಾಡಿದ ಬೋಲ್ಟನ್ನೇ ಇನ್ನೊಮ್ಮೆ ಬಿಗಿ ಮಾಡುತ್ತಿದ್ದ. ಪಾಪ, ಎರಡಕ್ಕೇ ನಿಲ್ಲಿಸುತ್ತಿದ್ದದ್ದು ಜನ ನೋಡುತ್ತಾರೆಂಬ ಮರ್ಯಾದೆಗೆ. ಯಾರೂ ಇಲ್ಲದಿದ್ದರೆ ಲೆಕ್ಕ ಇಪ್ಪತ್ತಕ್ಕೂ ಹೋಗುತ್ತಿತ್ತು.

ಆದರೆ ಅವನ ನಿಜವಾದ ಕಾಟ ಅದಲ್ಲ. ಒಸಿಡಿ ಎನ್ನುವ ಈ ಗೀಳಿನ ಕಾಯಿಲೆ ಎಂದರೆ ದಿನವಿಡೀ ಕೈ ತೊಳೆಯುವುದು ಎಂದೇ ಲೋಕ ತಿಳಿದಿದೆ. ಎರಡ್ಸಲನಾದರೋ ಕೈ ತೊಳೆಯದೆ ಊಟಕ್ಕೆ ಕೂತು ಅಕ್ಕನಿಂದ ಬೈಸಿಕೊಳ್ಳುವ ಆಸಾಮಿ. ಅವನಿಗೆ ಇದ್ದದ್ದು ಬೇರೆ: ಮಾಡದೇ ಇದ್ದದ್ದನ್ನು ಮಾಡಿದ ಹಾಗೆ ನೆನಪಾಗುವುದು. ಬಸ್ಸಿನಲ್ಲಿ ಒಬ್ಬ ಮುದುಕರ ಪಕ್ಕ ಹಾದು ಇಳಿದಿರುತ್ತಾನೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ‘ಅವರನ್ನು ನೀನು ತಳ್ಳಿದೆಯಲ್ಲವೇ’ ಎಂದು ತಲೆಯೊಳಗೆ ಯಾರೋ ಕೇಳಿದ ಹಾಗಾಗುತ್ತದೆ. ಇಲ್ಲ ಎಂದುಕೊಳ್ಳುವಷ್ಟರಲ್ಲಿ ಚಿತ್ರ ಬಂದುಬಿಡುತ್ತದೆ. ತನ್ನದೇ ಕೈ, ಮುದುಕರ ಬೆನ್ನು, ಅವರ ಅಂಗಿಯ ಪಟ್ಟೆ, ಎಲ್ಲ. ಒಮ್ಮೆ ಪೊಲೀಸ್ ಠಾಣೆಗೇ ಹೋಗಿ ತಪ್ಪೊಪ್ಪಿಕೊಂಡಿದ್ದ. ಅಲ್ಲಿಯ ಪೇದೆ ಎಲ್ಲ ಕೇಳಿಸಿಕೊಂಡು, “ಯಾರೂ ಬಿದ್ದಿಲ್ಲ, ಯಾರೂ ದೂರು ಕೊಟ್ಟಿಲ್ಲ. ಮನೆಗೆ ಹೋಗಿ ಮಲ್ಕೊಳ್ಳಪ್ಪ,” ಎಂದು ಕಳಿಸಿದ್ದರು.

ಆಗೆಲ್ಲ ಅವನಿಗೆ ದಿಕ್ಕಾದವರು ಭಾವ, ಎಂದರೆ ಅಕ್ಕನ ಗಂಡ. ಅಮ್ಮ ತೀರಿಕೊಂಡಾಗ ಎರಡ್ಸಲನಿಗೆ ಒಂಬತ್ತು ವರ್ಷ. ಅಂದಿನಿಂದ ಸಾಕಿದವಳು ಅಕ್ಕ, ಕೈಹಿಡಿದು ಲಿಫ್ಟಿನ ಕೆಲಸ ಕಲಿಸಿದವರು ಭಾವ. ಇಬ್ಬರೂ ಜೋಡಿಯಾಗಿ ಕೆಲಸಕ್ಕೆ ಹೋಗುತ್ತಿದ್ದರು. “ಭಾವ, ನಾನು ಅವರನ್ನ ತಳ್ಳಲಿಲ್ಲ ಅಲ್ವಾ?” ಎಂದು ಇವನು ಕೇಳುವುದು, “ಇಲ್ಲ ಕಣೋ, ನೀನೇನೂ ಮಾಡಿಲ್ಲ,” ಎಂದು ಅವರು ಪೇಪರಿನಿಂದ ತಲೆ ಎತ್ತದೆ ಹೇಳುವುದು. ದಿನಕ್ಕೆ ಒಮ್ಮೆಯಾದರೂ ಆಯಿತು, ಹತ್ತು ಸಲವಾದರೂ ಆಯಿತು. ಭಾವ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಆ ಒಂದು ಮಾತನ್ನು ತಲೆದಿಂಬು ಮಾಡಿಕೊಂಡು ಎರಡ್ಸಲ ಹನ್ನೊಂದು ವರ್ಷ ನಿದ್ದೆ ಮಾಡಿದ್ದ.

ಡಾಕ್ಟರಮ್ಮ ಅದಕ್ಕೇ ಕತ್ತರಿ ಹಾಕಿದ್ದರು. “ನಿಮ್ಮ ಭಾವ ಕೊಡೋ ಉತ್ತರ ಔಷಧಿ ಅಲ್ಲ. ಬಾಗಿಲಿಗೆ ಬಂದ ನಾಯಿಗೆ ಹಾಕೋ ಬಿಸ್ಕತ್ತು. ಹಾಕ್ತಾ ಇದ್ರೆ ಅದು ಅಲ್ಲೇ ಮಲಗುತ್ತೆ. ಕೇಳ್ಬೇಡಿ. ಕೇಳಿದ್ರೂ ಅವರು ಹೇಳ್ಬಾರದು. ಗೊತ್ತಿಲ್ಲ ಅನ್ನೋದನ್ನ ಹೊತ್ಕೊಂಡೇ ಊಟ ಮಾಡಿ, ಕೆಲಸಕ್ಕೆ ಹೋಗಿ, ಮಲಗಿ.”

ಅವತ್ತೇ ಎರಡ್ಸಲ ಅಕ್ಕನ ಮನೆಯ ಅಡುಗೆಮನೆಯಲ್ಲಿ ನಿಂತು, ಪಾಠ ಒಪ್ಪಿಸುವ ಮಗುವಿನ ಹಾಗೆ ಎಲ್ಲವನ್ನೂ ಹೇಳಿದ. ಇಷ್ಟು ವರ್ಷಕ್ಕೆ ತನ್ನ ಕಾಟಕ್ಕೊಂದು ಹೆಸರು ಸಿಕ್ಕಿತಲ್ಲ ಎಂಬ ಸಂಭ್ರಮ. “ನನ್ನ ತಲೆ ಹೇಗಂತೆ ಗೊತ್ತಾ ಭಾವ? ಯಾರಾದ್ರೂ ‘ನೀನೇ ಮಾಡಿದ್ದು’ ಅಂದ್ರೆ ಸಾಕಂತೆ. ಉಳಿದ ಚಿತ್ರಾನ ಅದೇ ಬರ್ಕೊಳ್ಳುತ್ತಂತೆ.”

ಭಾವ ಆಗ ಪೇಪರಿನಿಂದ ತಲೆ ಎತ್ತಿದ್ದರು. “ಹೌದಾ? ನೀನು ಮಾಡದೇ ಇದ್ರೂನೂ?”

“ಮಾಡದೇ ಇದ್ರೂನೂ.”

“ವಿಚಿತ್ರ ಕಣೋ,” ಎಂದು ಭಾವ ನಕ್ಕು ಕೈ ಚಾಚಿದರು. “ಆಯ್ತು ಬಿಡು. ಇವತ್ತಿಂದ ನನ್ನ ಬಾಯಿಗೆ ಬೀಗ. ನೀನು ತಲೆಕೆಳಗಾಗಿ ನಿಂತು ಕೇಳಿದ್ರೂ ಹೇಳಲ್ಲ.” ಇಬ್ಬರೂ ಕೈ ಕುಲುಕಿದರು. ಅಕ್ಕ ಕಣ್ಣೊರೆಸಿಕೊಂಡಳು.

ಅದಾಗಿ ಒಂಬತ್ತನೇ ದಿನ ಈ ಕೆಲಸ ಬಂತು. ಹತ್ತು ಮಹಡಿಯ ವಸತಿ ಕಟ್ಟಡ, ಹಳೆಯ ಲಿಫ್ಟ್.

ಲಿಫ್ಟಿನವರ ಒಂದು ಪದ್ಧತಿ ಇಲ್ಲಿ ತಿಳಿದಿರಬೇಕು. ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಿಫ್ಟ್ ಅಲುಗುವುದಿಲ್ಲ. ರಿಪೇರಿ ಮಾಡುವಾಗ ಬಾಗಿಲು ತೆರೆದಿಟ್ಟೇ ಓಡಿಸಿ ನೋಡಬೇಕಾಗುತ್ತದೆ. ಅದಕ್ಕೆ ಮೇಲಿನ ಯಂತ್ರದ ಕೋಣೆಯ ಪೆಟ್ಟಿಗೆಯಲ್ಲಿ ಮೊಳದುದ್ದದ ಹಳದಿ ವೈರೊಂದನ್ನು ಸಿಕ್ಕಿಸಿ, ಬಾಗಿಲು ಮುಚ್ಚಿದೆ ಎಂದು ಯಂತ್ರಕ್ಕೆ ಸುಳ್ಳು ಹೇಳುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ಮರೆಯಬಾರದೆಂದು ಒಬ್ಬೊಬ್ಬರಿಗೂ ಅವರದೇ ಒಂದು ವೈರು. ಪೆಟ್ಟಿಗೆಯಲ್ಲಿ ಇಲ್ಲದಾಗ ಅದು ಕೊರಳಲ್ಲಿರಬೇಕು. ಬರಿಗೊರಳಲ್ಲಿ ಯಂತ್ರದ ಕೋಣೆಯಿಂದ ಇಳಿಯಬಾರದು. ಹೊಸಬರಿಗೆ ಮೊದಲ ದಿನ ಕಲಿಸುವುದೇ ಇದನ್ನು.

ಆ ದಿನ ಯಂತ್ರದ ಕೋಣೆ ಭಾವನ ಪಾಲಿಗೆ, ತಳದ ಹೊಂಡ ಎರಡ್ಸಲನ ಪಾಲಿಗೆ. ಹೊಂಡದಲ್ಲಿ ವರ್ಷಗಳ ಗ್ರೀಸು. ಬೆಳಗಿನಿಂದ ಸಂಜೆಯವರೆಗೆ ಮೊಣಕೈತನಕ ಕಪ್ಪಾಗಿ ಕೆರೆದ. ಮಧ್ಯೆ ಒಂದು ಸಲ ಮಾತ್ರ ಕೈದೀಪ ತರಲು ಮೇಲೆ ಹೋಗಿಬಂದ. ಸಂಜೆ ಇಬ್ಬರೂ ಸಾಮಾನು ಕಟ್ಟಿ ಹೊರಟಾಗ, ‘ಎಲ್ಲ ಸರಿ ಇದೆ ಅಲ್ವಾ ಭಾವ’ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದ. ಮನೆ ತಲುಪುವವರೆಗೆ ನುಂಗಿದ. ರಾತ್ರಿ ಹೊರಳಾಡಿಕೊಂಡೇ ನುಂಗಿದ. ಬೆಳಿಗ್ಗೆ ಎದ್ದಾಗ, ಹದಿನಾಲ್ಕು ಗಂಟೆ ಕೇಳದೆ ಕಳೆದೆ ಎಂದು ಕನ್ನಡಿಯಲ್ಲಿ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಅದೇ ಹೊತ್ತಿಗೆ ಆ ಕಟ್ಟಡದ ಏಳನೇ ಮಹಡಿಯ ಹೊಲಿಗೆ ಟೀಚರ್ ಲಿಫ್ಟಿನಿಂದ ಒಂದು ಕಾಲು ಹೊರಗಿಟ್ಟಿದ್ದರು. ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಮೇಲಕ್ಕೆ ಹೊರಟಿತು.

ಜೀವ ಉಳಿಯಿತು. ಕಾಲು ಎರಡು ಕಡೆ ಮುರಿಯಿತು. ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರ್ ಬಂದು ಪೆಟ್ಟಿಗೆ ತೆಗೆಸಿದರೆ ಒಳಗೆ ಹಳದಿ ವೈರು ಹಾಗೇ ಇತ್ತು. ಅದರ ಫೋಟೋ ತೆಗೆದುಕೊಂಡರು.

ಹತ್ತು ಗಂಟೆಗೆ ಭಾವ ಎರಡ್ಸಲನ ಬಾಡಿಗೆ ಕೋಣೆಗೆ ಬಂದರು. ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತು, ಅವನ ಹೆಗಲ ಮೇಲೆ ಕೈಯಿಟ್ಟು ನಡೆದದ್ದನ್ನು ಹೇಳಿದರು. ಆಮೇಲೆ, “ನೀನೇ ಕಣೋ ಅದು,” ಎಂದರು. “ಕೈದೀಪ ತರೋಕೆ ಮೇಲೆ ಬಂದೆಯಲ್ಲ, ಆಗ ನಾನು ಕಿಟಕಿ ಹತ್ರ ಫೋನಲ್ಲಿದ್ದೆ. ನಿನ್ನ ವೈರು ಕೆಳಗೆ ಚೀಲದಲ್ಲಿತ್ತು ಅಂತ, ನಾನು ಬಿಚ್ಚಿಟ್ಟಿದ್ದ ನನ್ನದನ್ನ ನೀನು ತಗೊಂಡು ಸಿಕ್ಕಿಸಿದೆ. ನಾನು ನೋಡಿದೆ. ತೆಗೀತೀಯ ಅಂದ್ಕೊಂಡೆ. ಹೇಳೋಕೆ ಹೊಟ್ಟೆ ಉರಿಯುತ್ತೆ, ಆದ್ರೆ ಏನ್ ಮಾಡ್ಲಿ.”

ಎರಡ್ಸಲ ಕಣ್ಣು ಮುಚ್ಚಿದ. ಆಮೇಲೆ ಚಿತ್ರ ಬಂತು. ಯಂತ್ರದ ಕೋಣೆಯ ಬಾಗಿಲು, ಕಿಟಕಿಯ ಬಳಿ ಭಾವನ ಬೆನ್ನು, ಹಳದಿ ವೈರು ಹಿಡಿದ ತನ್ನದೇ ಬೆರಳು. ಮಧ್ಯಾಹ್ನ ಇನ್ಸ್‌ಪೆಕ್ಟರ ಕಚೇರಿಗೆ ಹೋಗಿ ‘ನನ್ನಿಂದಲೇ ಆದದ್ದು’ ಎಂದು ಬರೆದು ಸಹಿ ಹಾಕಿ ಬಂದ. ಐದು ದಿನ ಬಿಟ್ಟು ಬೆಳಿಗ್ಗೆ ವಿಚಾರಣೆ. ಅಲ್ಲಿ ಅದನ್ನೇ ಬಾಯಿಬಿಟ್ಟು ಹೇಳಿದರೆ ಲೈಸೆನ್ಸ್ ಶಾಶ್ವತವಾಗಿ ಹೋಗುತ್ತದೆ, ಜೈಲೂ ಆಗಬಹುದು.

ಡಾಕ್ಟರಮ್ಮನ ಮುಂದೆ ಅವನು ಕಿರುಚಿದ್ದು ಈ ವಿಚಾರಣೆಯ ಹಿಂದಿನ ದಿನ.

“ನೀವು ಹೇಳಿ,” ಎಂದು ಮೇಜಿನ ಅಂಚು ಹಿಡಿದುಕೊಂಡ. “ಇಷ್ಟು ವಾರ ನನ್ನ ತಲೆಯೊಳಗೆಲ್ಲ ಓಡಾಡಿದ್ದೀರಿ. ನಾನು ಮಾಡಿದ್ನಾ, ಇಲ್ವಾ?”

“ನನಗೆ ಗೊತ್ತಿಲ್ಲ. ನಾನು ಅಲ್ಲಿರ್ಲಿಲ್ಲ.”

“ಸುಮ್ನೆ ಇಲ್ಲ ಅಂತನಾದ್ರೂ ಹೇಳಿ! ಇಲ್ಲ ಹೌದು ಅನ್ನಿ. ಒಂದು ಹೇಳಿ ಸಾಯಿ!” ಅಂದವನು ತಾನಾಡಿದ ಮಾತಿಗೆ ತಾನೇ ಬೆಚ್ಚಿದ. “ತಪ್ಪಾಯ್ತು ಮೇಡಂ. ಆದ್ರೆ ನೀವೂ ಕೈಕೊಟ್ರಿ.”

“ಕೋಪ ಬರೋದು ಸಹಜ. ಆದ್ರೂ ನಾನು ಹೇಳಲ್ಲ.”

“ಹಾಗಾದ್ರೆ ನಾನೇ ಹೇಳ್ತೀನಿ ಕೇಳಿ. ಮಾಡಿದ್ದು ನಾನೇ. ಕಣ್ಣು ಮುಚ್ಚಿದ್ರೆ ಕಾಣುತ್ತೆ…”

“ಬೇಡ. ಆ ಚಿತ್ರಾನ ಮತ್ತೆ ಮತ್ತೆ ತೆಗೆದು ನೋಡ್ಬೇಡಿ.”

ಅವನು ಬಿಡಲಿಲ್ಲ. ಜೇಬಿನಿಂದ ಇನ್ಸ್‌ಪೆಕ್ಟರ ವರದಿಯ ಪ್ರತಿ ತೆಗೆದು ಮೇಜಿನ ಮೇಲೆ ಬಡಿದ. ಮೊದಲ ಪುಟದಲ್ಲೇ ಪೆಟ್ಟಿಗೆಯ ಫೋಟೋ ಇತ್ತು. “ಇದೇ ವೈರು. ಹೀಗೆ ಹಿಡ್ಕೊಂಡಿದ್ದೆ, ಎರಡು ಬೆರಳಲ್ಲಿ. ಉಗುರು ಕೂಡ ಕಾಣುತ್ತೆ, ಬೆಳ್ಳಗೆ…”

ಅಲ್ಲಿಗೆ ನಿಂತ. ತನ್ನ ಕೈ ನೋಡಿಕೊಂಡ. ಅಂದಿನಿಂದ ಐದು ದಿನವಾಗಿದ್ದರೂ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿತ್ತು.

“ಅವತ್ತು ನನ್ನ ಕೈ ಹೀಗಿರ್ಲಿಲ್ಲ,” ಎಂದ, ಮೆಲ್ಲಗೆ. “ಮೊಣಕೈತನಕ ಗ್ರೀಸು. ಮೇಲೆ ಹೋಗಿ ಬಂದಾಗ ಮೆಟ್ಟಿಲ ಕಂಬಿಗೆಲ್ಲ ಮಸಿ ಹತ್ತಿಸಿದೆ ಅಂತ ಕಟ್ಟಡದ ಕಾವಲುಗಾರ ಬೈದ. ಸೀಮೆಎಣ್ಣೆ ಹಾಕಿ ನನ್ನ ಕೈಯಲ್ಲೇ ಒರೆಸಿಸಿದ.”

ಫೋಟೋದಲ್ಲಿದ್ದ ವೈರು ಮೊದಲಿನಿಂದ ಕೊನೆಯವರೆಗೆ ಹಳದಿಯಾಗಿಯೇ ಇತ್ತು. ಒಂದು ಚುಕ್ಕೆ ಮಸಿ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕುರ್ಚಿಯಿಂದ ಹಾರಿ ಎದ್ದಿರುತ್ತಿದ್ದರು. ಎರಡ್ಸಲನ ತಲೆ ಹಾಗಲ್ಲ. “ಬಟ್ಟೆಯಲ್ಲಿ ಒರೆಸ್ಕೊಂಡಿದ್ನೋ ಏನೋ,” ಎಂದು ತಕ್ಷಣ ಗೊಣಗಿದ. “ಗ್ಲೌಸ್ ಹಾಕಿದ್ನೋ ಏನೋ. ಇಲ್ಲ, ತಡೀರಿ, ಗ್ಲೌಸ್ ಹಾಕಿದ್ದೆ ಅನ್ಸುತ್ತೆ…”

“ನಿಲ್ಲಿ,” ಎಂದರು ಡಾಕ್ಟರಮ್ಮ. “ಅದಕ್ಕೆ ತಳ ಇಲ್ಲ, ನಿಮಗೇ ಗೊತ್ತು. ಈ ಫೋಟೋ ನೋಡಿ ತೀರ್ಮಾನ ಮಾಡೋದು ಇನ್ಸ್‌ಪೆಕ್ಟರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ನಾನು ಕೇಳೋದು ಒಂದೇ. ಆ ಬೆಳಿಗ್ಗೆ ನೀವು ಭಾವನ್ನ ಕೇಳಿದ್ರಾ?”

“ಏನನ್ನ?”

“ನಾನು ಮಾಡಿದ್ನಾ ಅಂತ.”

“ಇಲ್ಲ. ಕೇಳಬಾರ್ದು ಅಂದಿದ್ರಲ್ಲ ನೀವು. ಹದಿನಾಲ್ಕು ಗಂಟೆ…”

ಎರಡ್ಸಲ ಫೋಟೋ ಬಿಟ್ಟು ತಲೆ ಎತ್ತಿದ. ಹನ್ನೊಂದು ವರ್ಷ ಅವನು ಕೇಳಿದ್ದ, ಭಾವ ಹೇಳಿದ್ದರು. ಅವನು ಕೇಳದೆ ಭಾವ ಒಂದು ದಿನವೂ ತಾವಾಗಿ ಹೇಳಿದ್ದಿಲ್ಲ. ಅವನು ಬಾಯಿ ಕಟ್ಟಿಕೊಂಡಿದ್ದ ಆ ಒಂದು ಬೆಳಿಗ್ಗೆ, ಬಾಯಿಗೆ ಬೀಗ ಎಂದು ಕೈ ಕುಲುಕಿದ್ದ ಮನುಷ್ಯ ತಾವಾಗಿ ನಡೆದುಬಂದು, ಬಾಗಿಲು ಹಾಕಿಕೊಂಡು, ಉತ್ತರ ಕೊಟ್ಟು ಹೋಗಿದ್ದರು.

‘ಹೌದಾ? ನೀನು ಮಾಡದೇ ಇದ್ರೂನೂ?’ ಅಡುಗೆಮನೆಯಲ್ಲಿ ಪೇಪರಿನಿಂದ ತಲೆ ಎತ್ತಿ ಭಾವ ಕೇಳಿದ್ದ ಮಾತು.

ಎರಡ್ಸಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಲವತ್ತರ ಹತ್ತಿರದ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಡಾಕ್ಟರಮ್ಮನ ಮೇಲೆ ಹೊತ್ತು ತಂದ ಕೋಪ ಯಾವಾಗಲೋ ಕೈಜಾರಿತ್ತು.

“ನಾನು ನಿಮಗೆ ನೀವು ಮಾಡಿಲ್ಲ ಅಂತ ಹೇಳ್ತಿಲ್ಲ,” ಎಂದರು ಅವರು ಕೊನೆಗೆ. “ಅದನ್ನ ಯಾವತ್ತೂ ಹೇಳಲ್ಲ. ಗೊತ್ತಿರೋದನ್ನ ಮಾತ್ರ ನಾಳೆ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.”

ಅಲ್ಲಿಂದ ಎರಡ್ಸಲ ನೇರವಾಗಿ ಅಕ್ಕನ ಮನೆಗೆ ಹೋದ. ಮಧ್ಯಾಹ್ನ ಮೂರು ಗಂಟೆ. ಭಾವ ಮನೆಯಲ್ಲೇ ಇದ್ದರು. ಅಕ್ಕ ಕೇಳದೆಯೇ ಚಹಾ ತಂದಿಟ್ಟು, ತಲೆ ಸವರಿ, “ಮುಖ ಯಾಕೋ ಇಷ್ಟು ಬಾಡಿದೆ? ಊಟ ಮಾಡಿದ್ಯಾ?” ಎಂದಳು.

ಅವನು ವರದಿಯನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟ. “ಭಾವ, ನಾನು ಏನನ್ನೂ ಕೇಳೋಕೆ ಬಂದಿಲ್ಲ. ಈ ವೈರು ಎಷ್ಟು ಶುಭ್ರವಾಗಿದೆ ಅಂತ ತೋರ್ಸೋಕೆ ಬಂದೆ. ಅವತ್ತು ನನ್ನ ಕೈ ಹೇಗಿತ್ತು ಅಂತ ನಿಮಗೆ ನೆನಪಿರ್ಬೇಕು. ನಾಳೆ ಇದನ್ನೇ ಇನ್ಸ್‌ಪೆಕ್ಟರಿಗೆ ತೋರ್ಸ್ತೀನಿ.”

ಭಾವ ಫೋಟೋ ನೋಡಲಿಲ್ಲ. ಹೆಂಡತಿಯನ್ನು ನೋಡಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. ಒದ್ದೆಯೇ ಇಲ್ಲದ ಕೈಯನ್ನು ಒರೆಸುತ್ತಲೇ ಇದ್ದಳು.

ಅಕ್ಕನಿಗೆ ಇದು ಗೊತ್ತಿರಬಹುದೆಂದು ಎರಡ್ಸಲನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಮಾಡದ ನೂರು ಪಾಪಗಳನ್ನು ತನ್ನ ತಲೆಗೆ ಕಟ್ಟಿಕೊಂಡವನು, ಅಕ್ಕನ ತಲೆಗೆ ಒಂದನ್ನೂ ಕಟ್ಟಿದವನಲ್ಲ.

“ನೋಡಪ್ಪಾ,” ಎಂದಳು ಅಕ್ಕ. ಅವನಿಗೆ ಜ್ವರ ಬಂದಾಗ ಔಷಧಿ ಕುಡಿಸುತ್ತಿದ್ದ ಅದೇ ದನಿ. “ಇವರಿಗೆ ಐವತ್ತೆಂಟಾಯ್ತು. ಈಗ ಲೈಸೆನ್ಸ್ ಹೋದ್ರೆ, ಇವರನ್ನ ಜೈಲಿಗೆ ಹಾಕಿದ್ರೆ, ನಾನೇನ್ ಮಾಡ್ಲಿ? ನಿನಗಾದ್ರೆ ಕಾಯಿಲೆ ಇದೆ ಅಂತ ಡಾಕ್ಟರ ಚೀಟಿ ಇದೆ. ಬಿಟ್ಟುಬಿಡ್ತಾರೆ. ಮತ್ತೆ…” ಒಂದು ಸಲ ತಡೆದಳು, ಆದರೆ ಆಡಿಯೇಬಿಟ್ಟಳು. “ನೀನು ಹೇಗಿದ್ರೂ ಮಾಡದೇ ಇದ್ದಿದ್ದಕ್ಕೆಲ್ಲ ನಾನೇ ಮಾಡಿದ್ದು ಅಂತ ನರಳೋನೇ ಅಲ್ವೇನೋ. ಇದೊಂದು ಜಾಸ್ತಿ ಆದ್ರೆ ನಿನಗೇನು?”

ಎರಡ್ಸಲ ಆ ಮಾತನ್ನು ಕೂತಲ್ಲೇ ಕೇಳಿಸಿಕೊಂಡ. ಎಂಥೆಂಥದೋ ಸುಳ್ಳು ನೆನಪುಗಳು ಅವನನ್ನು ಹಿಂಡಿದ್ದವು. ಈ ನಿಜವಾದ ಮಾತಿನಷ್ಟು ಯಾವುದೂ ನೋಯಿಸಿರಲಿಲ್ಲ. ಅವನ ನೋವು ಅಕ್ಕನಿಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದರಲ್ಲಿ ಇನ್ನೂ ಎಷ್ಟು ಜಾಗ ಉಳಿದಿದೆ ಎಂದು ನೋಡಿ ಗಂಡನ ತಪ್ಪನ್ನು ಅಲ್ಲಿ ತುರುಕಿದ್ದಳು. ಹೊಲಿಗೆ ಟೀಚರ ಕಾಲಿನ ಮಾತನ್ನು ಮಾತ್ರ ಗಂಡ ಹೆಂಡತಿ ಇಬ್ಬರೂ ಎತ್ತಲಿಲ್ಲ.

“ನೀನು ನನ್ನ ಅಮ್ಮನ ಜಾಗದಲ್ಲಿದ್ದೆ ಅಕ್ಕ,” ಎಂದ. ವರದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ. ಚಹಾ ಹಾಗೇ ಉಳಿಯಿತು.

ಭಾವ ಮೆಟ್ಟಿಲವರೆಗೆ ಹಿಂದೆಯೇ ಬಂದರು. ಕಾಲಿಗೆ ಚಪ್ಪಲಿಯೂ ಇರಲಿಲ್ಲ.

“ಲೋ, ನಾಳೆ ಅದನ್ನ ತೋರ್ಸಲ್ಲ ತಾನೆ?”

ಎರಡ್ಸಲ ಇಳಿಯತೊಡಗಿದ.

“ಸುಮ್ನೆ ಕೋಪಕ್ಕೆ ಅಂದಿದ್ದು ಅಲ್ವಾ? ಏನೂ ಆಗಲ್ಲ ಅಲ್ವಾ? ಒಂದು ಮಾತು ಹೇಳಿ ಹೋಗೋ.”

ಆ ದನಿ ಅವನಿಗೆ ಚೆನ್ನಾಗಿ ಪರಿಚಯ. ಹನ್ನೊಂದು ವರ್ಷ ತನ್ನ ಬಾಯಿಂದಲೇ ಹೊರಟದ್ದು. ಆ ಪ್ರಶ್ನೆ ಹೊಟ್ಟೆಯೊಳಗೆ ಹೇಗೆ ಕೊರೆಯುತ್ತದೆ, ಒಂದು ಸಲ ‘ಇಲ್ಲ’ ಎಂದುಬಿಟ್ಟರೆ ಮನುಷ್ಯ ಅವತ್ತಿಗೆ ಹೇಗೆ ನಿದ್ದೆ ಮಾಡುತ್ತಾನೆ, ಇದನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ನಡುವಿನ ತಿರುವಿನಲ್ಲಿ ಅವನ ಕಾಲು ಒಮ್ಮೆ ತಡೆಯಿತು. ಅಯ್ಯೋ ಎನ್ನಿಸಿತು, ಸುಳ್ಳೇಕೆ ಹೇಳಬೇಕು. ಆದರೂ ಬಾಯಿ ತೆರೆಯಲಿಲ್ಲ.

ಕೆಳಗಿಳಿದು ಬೀದಿಬಾಗಿಲು ಎಳೆದುಕೊಂಡ. ಚಿಲಕ ಬಿತ್ತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಒಳಗಿನಿಂದ ಭಾವ ಇನ್ನೊಂದು ಸಲ ಕೇಳಿದ್ದು ಕೇಳಿಸಿತು.